ಕಸಿಗಿಡದ ಎರಡು ಎಲೆ

ನರ್ಸರಿಯಲ್ಲಿ ರಸಪುರಿ ಮಾವಿನ ಕಸಿಗಿಡವೊಂದಿತ್ತು. ಕಸಿಗಿಡವೆಂದರೆ ಬೇರು ಕಾಡುಮಾವಿನದು, ಮೇಲೆ ಕಟ್ಟಿದ ಕುಡಿ ರಸಪುರಿಯದು, ಹೆಸರೂ ಕುಡಿಯದೇ. ಆ ಕುಡಿಗಿದ್ದದ್ದು ಎರಡೇ ಎಲೆ. ಬುಡದಿಂದೆದ್ದ ಕಾಡುಚಿಗುರು ಪೊದೆಯಾಗಿ ಬೆಳೆದು ಅದನ್ನು ಮುಚ್ಚಿಬಿಟ್ಟಿತ್ತು.

“ರಸಪುರಿ ಅಂದರೆ ಈಗ ನಾನೇ ಕಣೋ. ನನ್ನ ಮೈಕಟ್ಟು ನೋಡು!” ಎಂದು ಚಿಗುರು ಬೀಗಿತು.

“ನೀರು ಕೊಡುವವನು ನೀನೇ ಅಣ್ಣ. ಹೆಸರು ಮಾತ್ರ ನನ್ನದು,” ಎಂದಿತು ಕುಡಿ.

ಮಾರುವ ಮುನ್ನ ತಳಿ ಖಾತ್ರಿ ಮಾಡಿಕೊಳ್ಳಲು ನರ್ಸರಿಯ ಸುಶೀಲಕ್ಕ ಎಲೆಯೊಂದನ್ನು ಕಿತ್ತು ಡಿಎನ್‌ಎ ಪರೀಕ್ಷೆಗೆ ಕಳಿಸಿದಳು. ಕೈಗೆ ಸಿಕ್ಕಿದ್ದು ಚಿಗುರಿನ ಎಲೆ. ಪರೀಕ್ಷೆ ಮೈಕಟ್ಟು ನೋಡುವುದಿಲ್ಲ, ವಂಶ ನೋಡುತ್ತದೆ. ‘ಕಾಡುಮಾವು’ ಎಂದು ಉತ್ತರ ಬಂತು.

“ಹಾಗಾದರೆ ಇದು ಒಲೆಗೇ ಸರಿ,” ಎಂದು ಅಕ್ಕ ಗಿಡ ಕೀಳಲು ಪೊದೆಯೊಳಗೆ ಕೈಹಾಕಿದಳು.

ಚಿಗುರು ಕೂಗಿತು. “ತಮ್ಮಾ, ಇಬ್ಬರೂ ಹೋದೆವು! ಏನಾದರೂ ಮಾಡೋ!”

ಕುಡಿ ತನ್ನ ಎರಡೆಲೆಗಳಲ್ಲಿ ಒಂದನ್ನು ಅವಳ ಕೈಮೇಲೆ ಉದುರಿಸಿತು. ಅಕ್ಕ ಬಗ್ಗಿ ನೋಡಿದಳು, ಕಸಿಯ ಕಟ್ಟು ಕಂಡಿತು. ಆ ಎಲೆಯನ್ನೂ ಕಳಿಸಿದಳು. ‘ರಸಪುರಿ’ ಎಂದು ಬಂತು.

ಅಕ್ಕ ಕತ್ತರಿ ತಂದಳು.

“ನನ್ನ ಕಥೆ ಮುಗಿಯಿತು,” ಎಂದಿತು ಚಿಗುರು.

“ಪೊದೆ ಹೋಗುತ್ತದೆ, ಅಷ್ಟೇ. ಬೇರೂ ನೀನೇ ಅಲ್ಲವೇ ಅಣ್ಣ? ನೀನಿಲ್ಲದೆ ನಾನು ಒಂದು ದಿನವೂ ಬದುಕಲಾರೆ.”

ಕತ್ತರಿಗೆ ದಾರಿಯಾಗಲೆಂದು ಚಿಗುರು ತಾನಾಗಿಯೇ ಪಕ್ಕಕ್ಕೆ ಬಾಗಿತು.