ಅಧ್ಯಕ್ಷರ ಮೀಸೆಗೆ ಜಾಗ

ಖಣ ನೇಕಾರರ ಸಂಘಕ್ಕೆ ಹೊಸದಾಗಿ ಅಧ್ಯಕ್ಷರಾದ ಸಂಗನಬಸಪ್ಪನವರು ಕುರ್ಚಿ ಬಿಸಿಯಾಗುವ ಮೊದಲೇ ಸಂಘದ ವೆಬ್‌ಸೈಟ್ ನೋಡಿದರು. ಎಲ್ಲಿ ನೋಡಿದರೂ ಬರೀ ಕುಪ್ಪಸದ ಖಣ.

"ನೀಲವ್ವಾ, ಇದರ ಮ್ಯಾಲೆ ನನ್ನ ಫೋಟೋ ಹಾಕು. ತೆರೆ ತುಂಬಿರಬೇಕು."

"ಖಣ ಮುಚ್ಚಿದರ ಆರ್ಡರ್ ಹೆಂಗ ಬರ್ತಾವ್ರಿ?" ಎಂದಳು ಗುಮಾಸ್ತೆ ನೀಲವ್ವ.

"ಹೇಳಿದಷ್ಟು ಮಾಡು."

ಸೈಟಿಗೆ ರೂಪ ಕೊಡುವ ಮೂಲ ಥೀಮು ಯಾವುದೋ ಕಂಪನಿಯದು. ಅದಕ್ಕೆ ಅಪ್‌ಡೇಟ್ ಬಂದರೆ ಅದರೊಳಗೆ ನಾವು ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ನೀಲವ್ವ ಬಣ್ಣ, ಅಂಚು, ಖಣದ ಸಾಲು ಎಲ್ಲವನ್ನೂ ಅಪ್‌ಡೇಟ್ ಮುಟ್ಟದ ಅದರ ಮರಿಯಲ್ಲಿ, ಅಂದರೆ ಚೈಲ್ಡ್ ಥೀಮಿನಲ್ಲಿ, ಬರೆದಿಟ್ಟಿದ್ದಳು.

"ಆತ್ರಿ, ಚೈಲ್ಡ್ ಥೀಮಿನಾಗ ಹಾಕ್ತೀನಿ."

"ಮೂಲದ್ದು ಇರುವಾಗ ಅದರ ಮರಿಯೊಳಗ ಯಾಕ? ನಾನೇನು ಉಪಾಧ್ಯಕ್ಷನಾ?"

"ಮೂಲದಾಗ ಹಾಕಿದರ..."

"ಮೂಲದಾಗ ಹಾಕು ಅಂದೆ!"

ನೀಲವ್ವನ ಮುಖ ಅರಳಿತು. ಹಾಗೇ ಹಾಕಿದಳು. ಅಧ್ಯಕ್ಷರ ಮೀಸೆ ತೆರೆಯ ಈ ಅಂಚಿನಿಂದ ಆ ಅಂಚು ಮುಟ್ಟಿತು. ಅವರು ಬೀಗರಿಗೆಲ್ಲ ಫೋನು ಮಾಡಿ, "ನೋಡ್ರಿ" ಎಂದು ಹೇಳಿ ಊಟಕ್ಕೆ ಹೋದರು. ನೀಲವ್ವ ಅಪ್‌ಡೇಟ್ ಗುಂಡಿ ಒತ್ತಿದಳು.

ಊಟ ಮುಗಿಸಿ ಬಂದವರು ಹೌಹಾರಿದರು. "ನಾನೆಲ್ಲಿ?"

"ಅಪ್‌ಡೇಟ್ ಆತ್ರಿ. ಮೂಲದಾಗ ಇದ್ದದ್ದನ್ನ ತೊಳಕೊಂಡು ಹೋತು."

"ಖಣ ಹಂಗ ಅದಾವಲ್ಲ!"

"ಅವು ಮರಿಯೊಳಗ ಅದಾವ್ರಿ."

ಅಧ್ಯಕ್ಷರು ತೆರೆಯನ್ನೇ ನೋಡಿದರು. ಆಮೇಲೆ ನೀಲವ್ವನನ್ನು ನೋಡಿದರು. ಮೀಸೆಯಡಿ ನಗು ತಡೆಯಲಾಗಲಿಲ್ಲ.

"ಆ ಖಣದ ಸಾಲಿನ ಕೆಳಗ ನನಗೊಂದು ಜಾಗ ಐತೇನವಾ?"

"ಐತ್ರಿ ಸಾಹೇಬ್ರ. ಮೀಸಿ ಅಷ್ಟು ಮಡಚಿಕೋಬೇಕಾಗ್ತದ."