ದುಂಡಮ್ಮನ ತಿರುವು

ಬೇಸಿಗೆಯಲ್ಲಿ ಬೂದಿಮಲೆ ಘಟ್ಟ ಹತ್ತುವವರು ಹನ್ನೊಂದನೆಯ ತಿರುವಿನಲ್ಲಿ ತಪ್ಪದೆ ಕಾರು ನಿಲ್ಲಿಸುತ್ತಾರೆ. ಒಣಗಿದ ಬಿದಿರುಮೆಳೆಗಳ ಆಚೆ ಬಯಲಿನ ಕೆರೆಗಳು ಒಂದೊಂದಾಗಿ ಹೊಳೆಯುತ್ತವೆ; ಬೆವರಿದ ಮೈಗೆ ಮಲೆಯ ತಂಗಾಳಿ ಮೊದಲು ತಾಗುವುದೂ ಇಲ್ಲಿಯೇ. ನೇರವಾಗಿ ಸಾಗಬಹುದಾಗಿದ್ದ ರಸ್ತೆ ಇಲ್ಲಿ ಕೂಗಳತೆಯಷ್ಟು ಸುತ್ತು ಹಾಕುತ್ತದೆ. ದುಂಡಗಿರುವುದರಿಂದ ಇದು ದುಂಡಮ್ಮನ ತಿರುವಾಯಿತೆಂದು ಬಸ್ಸಿನ ಕಂಡಕ್ಟರುಗಳು ಹೇಳುವುದುಂಟು. ತಪ್ಪಲಿನ ಹಿರಿಯರು ಅದನ್ನು ಒಪ್ಪುವುದಿಲ್ಲ. ದುಂಡಮ್ಮನೆಂಬ ಹೆಂಗಸು ನಿಜಕ್ಕೂ ಇದ್ದಳು ಎನ್ನುತ್ತಾರೆ.

ಘಟ್ಟಕ್ಕೆ ಗಾಡಿದಾರಿ ಇಲ್ಲದಿದ್ದ ಕಾಲವದು. ದುಂಡಮ್ಮನೂ ಅವಳ ಗಂಡ ಮರಿಗುಡ್ಡಯ್ಯನೂ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಮಲೆಯ ಮೇಲಿನ ಹಾಡಿಗಳಿಗೆ ಹೋಗಿಬರುತ್ತಿದ್ದರು. ಒಂದು ಮಳೆಗಾಲದಲ್ಲಿ ಇಲ್ಲಿನ ಇಳಿಜಾರು ಜರಿದು, ಮುಂದೆ ನಡೆಯುತ್ತಿದ್ದ ಮರಿಗುಡ್ಡಯ್ಯ ಎರಡು ಎತ್ತುಗಳೊಡನೆ ಮಣ್ಣಿನಡಿ ಹೋದ. ಹೆಣ ಸಿಗಲಿಲ್ಲ. ದುಂಡಮ್ಮ ಉಳಿದ ಎತ್ತುಗಳನ್ನು ಹೊಡೆದುಕೊಂಡು ಪಕ್ಕದ ದೊಡ್ಡ ಬಂಡೆಯ ಬದಿಯಿಂದ ಸುತ್ತುದಾರಿ ಮಾಡಿಕೊಂಡಳು. ಕಡುಬೇಸಿಗೆಯಲ್ಲೂ ಆ ಇಳಿಜಾರಿನ ಕಲ್ಲು ಮಗುಚಿದರೆ ಅಡಿ ತೇವವಾಗಿರುವುದನ್ನು ಅವಳು ವರ್ಷವರ್ಷವೂ ನೋಡುತ್ತಿದ್ದಳು.

ಕೆಲವು ವರ್ಷಗಳ ಮೇಲೆ, ಸೀಮೆಯ ಪಾಳೆಯಗಾರನ ತಾಯಿ ಚೆಲುವಾಜಮ್ಮಣ್ಣಿಗೆ ಒಂದು ಬೇಸಿಗೆಯನ್ನಾದರೂ ಮಲೆಯ ತಂಪಿನಲ್ಲಿ ಕಳೆಯಬೇಕೆಂಬ ಆಸೆಯಾಯಿತಂತೆ. ಗಾಡಿದಾರಿ ಕಡಿಸಲು ಪಾರುಪತ್ತೇಗಾರ ರಂಗಪ್ಪಯ್ಯ ಬಂದ. ಅವನು ಇಳಿಜಾರಿನ ನಡುವೆಯೇ ಗೂಟ ಹೊಡೆಸಿದಾಗ ದುಂಡಮ್ಮ ಹೋಗಿ ಕೈಮುಗಿದಳು.

“ಬುದ್ದೀ, ಈ ಮಣ್ಣು ನಿಲ್ಲಾಕಿಲ್ಲ. ಬಂಡೆ ಬಳಸ್ಕಂಡು ಹೋಗಿ.”

“ಉಪ್ಪು ಹೊರೋಳ ಹತ್ರ ನಾನು ದಾರಿ ಕಲೀಬೇಕಾ?” ಎಂದು ಆತ ನಕ್ಕ.

ಚೈತ್ರ ಕಳೆಯುವಷ್ಟರಲ್ಲಿ ದಾರಿ ಮುಗಿಯಿತು. ಅಮ್ಮಣ್ಣಿಯ ಸವಾರಿಗಾಡಿ ಘಟ್ಟ ಹತ್ತಿದ ದಿನ ದುಂಡಮ್ಮ ತನ್ನ ಎತ್ತುಗಳನ್ನು ಇಳಿಜಾರಿನ ಮುಂದೆ ಅಡ್ಡ ನಿಲ್ಲಿಸಿದಳು. ಆಳುಗಳು ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದಾಗ ಅಮ್ಮಣ್ಣಿ ಪರದೆ ಸರಿಸಿ, ಏನೆಂದು ಕೇಳಿದರು. ದುಂಡಮ್ಮ ಇಳಿಜಾರಿನತ್ತ ಕೈ ತೋರಿದಳು.

“ಇದರೊಳಗೆ ನನ್ ಗಂಡ ಅವ್ನೆ, ತಾಯಿ,” ಎಂದಳು.

ಮುದುಕಿ ಗಾಡಿ ಇಳಿದು, ದುಂಡಮ್ಮನ ಹೆಗಲಿಗೆ ಕೈಯಿಟ್ಟುಕೊಂಡು ಬಂಡೆಯ ಸುತ್ತು ನಡೆದೇ ಹೋದರು. ರಂಗಪ್ಪಯ್ಯನಿಗೆ ಅವಮಾನವಾಯಿತು. ಖಾಲಿ ಗಾಡಿಗೆ ಕಲ್ಲು ತುಂಬಿಸಿ ಇಳಿಜಾರಿನ ಮೇಲೆಯೇ ಹೊಡೆಸಿದ. ಗಾಡಿ ಅಲುಗದೆ ದಾಟಿತು. ಆಳುಗಳೆಲ್ಲ ನಕ್ಕರು. ಇನ್ನು ಘಟ್ಟಕ್ಕೆ ಕಾಲಿಡಕೂಡದೆಂದು ಅವಳಿಗೆ ರಂಗಪ್ಪಯ್ಯನ ಅಪ್ಪಣೆಯಾಯಿತು. ದುಂಡಮ್ಮ ತಾನೇ ತಪ್ಪಿದೆನೇನೋ ಎಂದುಕೊಳ್ಳುತ್ತ ಎತ್ತುಗಳನ್ನು ಹೊಡೆದುಕೊಂಡು ತವರೂರಿಗೆ ಇಳಿದುಹೋದಳು.

ಕೃತ್ತಿಕೆ ಮಳೆ ಮೂರು ದಿನ ಹೊಯ್ಯಿತು. ನಾಲ್ಕನೆಯ ಬೆಳಗ್ಗೆ ದಾರಿಯ ಗುರುತೇ ಇರಲಿಲ್ಲ; ಇಳಿಜಾರಿನ ಮೇಲ್ಮಣ್ಣು ದಾರಿಯ ಸಮೇತ ಕಣಿವೆಗೆ ಜಾರಿತ್ತು. ಮಲೆಯ ಮೇಲಿದ್ದ ಅಮ್ಮಣ್ಣಿ ಬಂಡೆಯ ಸುತ್ತಿನಿಂದಲೇ ಕೆಳಗಿಳಿದು ಬಂದರು. ರಂಗಪ್ಪಯ್ಯ ಮಾತ್ರ ಮನೆಗೆ ಹೋಗದೆ ಎರಡು ದಿನ ನಡೆದು ದುಂಡಮ್ಮನ ತವರಿನ ಬಾಗಿಲಲ್ಲಿ ನಿಂತ.

“ಬಾರವ್ವ, ದಾರಿ ತೋರ್ಸು,” ಎಂದ.

ಅವಳು, “ಬತ್ತೀನಿ. ಆದ್ರೆ ಅವನ ಮ್ಯಾಲೆ ಯಾರೂ ಗುದ್ದಲಿ ಹಾಕಬಾರದು,” ಎಂದಳು. ಆತ ಮಣ್ಣು ಮುಟ್ಟಿ ಮಾತು ಕೊಟ್ಟ. ಮಾರನೆಯ ವಾರ ದುಂಡಮ್ಮ ಎತ್ತುಗಳನ್ನು ಮುಂದೆ ಬಿಟ್ಟುಕೊಂಡು ಬಂಡೆಯ ಬದಿ ನಡೆದಳು. ಅವುಗಳ ಹೆಜ್ಜೆ ಬಿದ್ದಲ್ಲೆಲ್ಲ ರಂಗಪ್ಪಯ್ಯ ತನ್ನ ಕೈಯಾರೆ ಗೂಟ ಹೊಡೆಯುತ್ತ ಹಿಂದೆ ಬಂದನೆನ್ನುತ್ತಾರೆ.

ಅಲ್ಲಿಂದೀಚೆಗೆ ದಾರಿ ಎಷ್ಟೋ ಸಲ ಅಗಲವಾಗಿದೆ, ಜಲ್ಲಿ ಹೋಗಿ ಟಾರು ಬಂದಿದೆ. ಪ್ರತಿ ಸಲವೂ ಬಂಡೆಯ ಕಡೆಗೇ ಒಡೆದಿದ್ದಾರೆ. ತಿರುವಿನ ಒಳಗಣ ಇಳಿಜಾರಿಗೆ ಗುದ್ದಲಿ ತಾಕಿಲ್ಲ. ಅಲ್ಲಿ ಕಕ್ಕೆಮರಗಳು ತಾವಾಗಿ ಎದ್ದಿವೆ. ವೈಶಾಖದಲ್ಲಿ ಎಲೆಯೊಂದೂ ಕಾಣದಂತೆ ಹಳದಿ ಹೂ ತೂಗುತ್ತದೆ. ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮೇಲಕ್ಕೆ ಹೊರಡುತ್ತಾರೆ.