ನೆಲಸಂಪಿಗೆಯ ಮೆಟ್ಟಿಲು

ಅಡಿವೆಯ್ಯ ಗುರುಗಳ ಆಶ್ರಮದ ಹಿಂದೆ ಒಂದು ದೊಡ್ಡ ಗುಂಡಿ. ಯಾವ ಕಾಲಕ್ಕೋ ಅಲ್ಲಿ ಸುಣ್ಣದ ಕಲ್ಲಿನ ನೆಲ ಕುಸಿದು ಕೂತಿತ್ತು. ತಳ ಮುಟ್ಟಲು ನೂರು ಹೆಜ್ಜೆ, ಅಷ್ಟೇ.

ಪ್ರತಿವರ್ಷ ಮೊದಲ ಮಳೆಯಾಗಿ ವಾರ ಕಳೆದ ಮೇಲೆ ಗುರುಗಳು ಶಿಷ್ಯ ತಿಪ್ಪಣ್ಣನ ಜೊತೆ ಅದರೊಳಗೆ ಇಳಿಯುತ್ತಿದ್ದರು. ಹೂ ಕೀಳುವಂತಿಲ್ಲ. ಬಗ್ಗಿ ಮೂಸಬೇಕು, ಹೆಸರು ಹೇಳಬೇಕು, ಮುಂದೆ ನಡೆಯಬೇಕು. ತಳದಲ್ಲಿ ಕೊನೆಯದಾಗಿ ಸಿಗುವುದು ನೆಲಸಂಪಿಗೆ.

ಈ ವರ್ಷ ಗುರುಗಳ ಕಣ್ಣು ಪೂರ್ತಿ ಹೋಗಿತ್ತು. ಮೊಣಕಾಲೂ ಮಾತು ಕೇಳುತ್ತಿರಲಿಲ್ಲ.

"ಆ ನೆಲಸಂಪಿಗೆ ವಾಸನೆ ಒಂದು ಸಿಕ್ಕರೆ ಸಾಕಪ್ಪ" ಎಂದು ಬೇಸಿಗೆಯುದ್ದಕ್ಕೂ ಹೇಳುತ್ತಿದ್ದರು.

ತಿಪ್ಪಣ್ಣನ ಜೀವ ತಡೆಯಲಿಲ್ಲ. ಉರಿಬಿಸಿಲಲ್ಲಿ ಹಾರೆ ಹಿಡಿದು ತಳದವರೆಗೂ ಮೆಟ್ಟಿಲು ಕಡಿದ. ಅಗೆದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು, ಗುರುಗಳ ಬಚ್ಚಲ ಹಿಂದಿನ ಬಾಳೆ ಬುಡಕ್ಕೆ ಸುರಿದ.

ಒಳ್ಳೆಯ ಕೆಲಸವೇ, ಯಾರು ಬೇಡ ಅಂತಾರೆ? ಆದರೆ ಬೇಸಿಗೆಯಲ್ಲಿ ನೆಲಸಂಪಿಗೆಗೆ ಎಲೆಯೂ ಇರುವುದಿಲ್ಲ, ಗುರುತೂ ಇರುವುದಿಲ್ಲ. ಬರೀ ಗಡ್ಡೆಯಾಗಿ ಮಣ್ಣೊಳಗೆ ಮಲಗಿರುತ್ತದೆ. ಇಪ್ಪತ್ತೆರಡು ವರ್ಷ ಹೂ ನೋಡಿದವನಿಗೆ ಇದು ಹೊಳೆಯಲಿಲ್ಲ ನೋಡಿ.

ಹೊಳೆದದ್ದು ಮಳೆಯಾದ ಮೇಲೆ. ಇಳಿದು ನೋಡಿದರೆ ತಳದಲ್ಲಿ ಒಂದು ಹೂವೂ ಇಲ್ಲ. ಕೊನೆಯ ಮೂರು ಮೆಟ್ಟಿಲು ಎದ್ದದ್ದು ಅದೇ ಜಾಗದಲ್ಲಿ. ಇನ್ನು ಗುರುಗಳಿಗೆ ಯಾವ ಮುಖ ತೋರಿಸುವುದು ಎಂದು ತಿಪ್ಪಣ್ಣ ರಾತ್ರಿಯೆಲ್ಲ ಒದ್ದಾಡಿದ. ಇರುವ ಒಂದೇ ಚಟ ನಶ್ಯ. ಡಬ್ಬಿ ಖಾಲಿಯಾಯಿತು.

ಬೆಳಿಗ್ಗೆ ಗುರುಗಳು ಸ್ನಾನ ಮುಗಿಸಿ ಬಂದವರೇ, "ನಡಿ, ಇಳಿಯೋಣ" ಎಂದರು.

"ಕಾಲು ನೋವು ಅಂತಿದ್ರಿ. ನಾಳೆ ಹೋದರಾಯ್ತು."

"ನಡಿ."

ಕೈ ಹಿಡಿದು ಇಳಿಸಿದ. ಅಂಚಿನಲ್ಲಿ ತಂಗಡಿ ಹೂ. ಗುರುಗಳು ಬಗ್ಗಿ ಮೂಸಿ ಹೆಸರು ಹೇಳಿದರು. ಬಂಡೆಯ ಸಂದಿಯಲ್ಲಿ ಕಾಡುಮಲ್ಲಿಗೆ. ಅದಕ್ಕೆ ಬಗ್ಗುವುದೇ ಬೇಕಾಗಲಿಲ್ಲ. ಆಮೇಲೆ ಹುಲ್ಲಿನ ನಡುವೆ ವಿಷ್ಣುಕ್ರಾಂತಿ.

"ಇದಕ್ಕೆ ವಾಸನೆ ಇಲ್ಲ. ಬಣ್ಣ ನೀನು ಹೇಳಬೇಕು."

"ನೀಲಿ, ಗುರುಗಳೇ."

"ನಂಬಿದೆ" ಎಂದು ಗುರುಗಳು ನಕ್ಕರು.

ತಿಪ್ಪಣ್ಣನಿಗೆ ನಗು ಬರಲಿಲ್ಲ. ಅಷ್ಟರಲ್ಲಿ ತಳ ಬಂದೇಬಿಟ್ಟಿತು.

"ನೆಲಸಂಪಿಗೆ ಬಿಟ್ಟಿದೆಯಾ?"

"ಬಿಟ್ಟಿದೆ. ನಾಲ್ಕು ಹೂ."

"ವಾಸನೆ ಬರ್ತಿಲ್ಲವಲ್ಲ?"

"ಗಾಳಿ ಆ ಕಡೆ ಬೀಸ್ತಿದೆ, ಗುರುಗಳೇ."

"ಈ ಗುಂಡಿಯೊಳಗೆ ಗಾಳಿಯೂ ಇಳಿಯುತ್ತಾ?"

ಗುರುಗಳು ನಿಧಾನವಾಗಿ ಮೆಟ್ಟಿಲ ಮೇಲೆ ಕೂತರು, ಅದರ ಅಂಚನ್ನು ಅಂಗೈಯಿಂದ ಸವರಿದರು.

"ಹೊಸದು. ಗಟ್ಟಿಯಾಗಿದೆ. ಯಾರಿಗಾಗಿ?"

"ನಿಮ್ಮ ಮೊಣಕಾಲಿಗಾಗಿ."

ಗುರುಗಳು ಮತ್ತೇನೂ ಕೇಳಲಿಲ್ಲ. ಎಲ್ಲೋ ಕಲ್ಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ಅದನ್ನೇ ಕೇಳುತ್ತ ಕೂತಿದ್ದರು. ಬೈದಿದ್ದರೆ ತಿಪ್ಪಣ್ಣ ತಡೆದುಕೊಳ್ಳುತ್ತಿದ್ದನೇನೋ, ಇದನ್ನು ತಡೆಯಲಾಗಲಿಲ್ಲ. ಅವರ ಕಾಲ ಹತ್ತಿರ ಕುಸಿದು ಕೂತ.

"ಹೂ ಇಲ್ಲ ಗುರುಗಳೇ. ಗಡ್ಡೆ ಇರೋ ಕಡೆಯೇ ಅಗೆದುಬಿಟ್ಟೆ. ನಿಮ್ಮ ಹೂ ಹಾಳು ಮಾಡಿದವನು ನಾನೇ. ಮೇಲೆ ಸುಳ್ಳೂ ಹೇಳಿದೆ."

"ಮಣ್ಣು ಎಲ್ಲಿ ಹಾಕಿದೆ?"

"ನಿಮ್ಮ ಬಚ್ಚಲ ಹಿಂದೆ, ಬಾಳೆ ಬುಡಕ್ಕೆ."

"ಅಲ್ಲೇ ಬಿಟ್ಟಿದೆ. ಒಣಗಿದ ಬಾಳೆಲೆಯ ಅಡಿ ಎಷ್ಟು ಹೂವಿದೆಯೋ, ಸ್ನಾನ ಮಾಡುವಾಗ ಘಮ್ಮೆಂದಿತು. ನಿನ್ನ ನಶ್ಯದ ಮೂಗಿಗೆ ಅದೆಲ್ಲಿ ತಿಳಿಯಬೇಕು."

ತಿಪ್ಪಣ್ಣ ಕಣ್ಣೊರೆಸಿಕೊಂಡು ತಲೆಯೆತ್ತಿದ.

"ಗೊತ್ತಿದ್ದೂ, ಈ ನೋವಿನಲ್ಲಿ ಯಾಕೆ ಇಳಿದಿರಿ?"

ಗುರುಗಳು ಏಳಲೆಂದು ಅವನತ್ತ ಕೈ ಚಾಚಿದರು.

"ಹೂ ತಾನಾಗೇ ಮೇಲೆ ಬಂದಿತ್ತು. ನೀನೊಬ್ಬ ಕೆಳಗೇ ಉಳಿದಿದ್ದೆಯಲ್ಲ, ಕರೆದುಕೊಂಡು ಹೋಗೋಣ ಅಂತ ಬಂದೆ."